ದುಡ್ಡಿಗೆ ಆಡೋರು

ಮೊನ್ನೆ ಟೀ ಅಂಗಡಿ ಮುಂದೆ ಮತ್ತೆ ಅದೇ ಮಾತು. "ಇವರೆಲ್ಲ ದುಡ್ಡಿಗೆ ಆಡೋರು ಕಣ್ರೀ, ಆಟದ ಮೇಲೆ ಪ್ರೀತಿ ಎಲ್ಲಿದೆ?" ಐಪಿಎಲ್ ಬಂದಾಗಲೆಲ್ಲ ಇದನ್ನು ಕೇಳುತ್ತೇವೆ, ಅಲ್ವಾ? ಒಂದು ಕಾಲದಲ್ಲಿ ನಾನೂ ಹೇಳುತ್ತಿದ್ದೆ. ಈಗ ಬಾಯಿ ಬರುವುದಿಲ್ಲ. ಈ ಮಾತಿಗೆ ಕಾನೂನಿನ ಬಲ ಕೊಟ್ಟವರು ಹತ್ತೊಂಬತ್ತನೇ ಶತಮಾನದ ಇಂಗ್ಲೆಂಡಿನ ಸಾಹೇಬರು. ಹೊಟ್ಟೆಪಾಡಿನ ಚಿಂತೆಯೇ ಇಲ್ಲದವರು.

ಫುಟ್‌ಬಾಲ್‌ಗೆ ಒಂದು ಸಂಘ ಕಟ್ಟಿದವರೂ ಅವರೇ, ಇಲ್ಲ ಅನ್ನಲ್ಲ. 1863ರಲ್ಲಿ ಲಂಡನ್ನಿನಲ್ಲಿ ಕೂತು ನಿಯಮ ಬರೆದರು. ಎದುರಾಳಿಯ ಕಾಲಿಗೆ ಒದೆಯಬಾರದು ಅಂತ ತೀರ್ಮಾನವಾಗಿದ್ದಕ್ಕೆ ಬ್ಲಾಕ್‌ಹೀತ್ ಕ್ಲಬ್ಬಿನವರು ಮುನಿಸಿಕೊಂಡು ಹೊರಟೇಹೋದರು! ಆದರೆ ಜನ ಮೈದಾನಕ್ಕೆ ಬಂದಿದ್ದು ನಿಯಮ ಓದಿಕೊಂಡಲ್ಲ. ಶನಿವಾರ ಮಧ್ಯಾಹ್ನ ಬಿಡುವು ಸಿಕ್ಕಿತು, ಬಂದರು. 1850ರ ಕಾಯ್ದೆ ಪ್ರಕಾರ ಜವಳಿ ಗಿರಣಿಯ ಹೆಂಗಸರನ್ನೂ ಎಳೆಯರನ್ನೂ ಶನಿವಾರ ಎರಡು ಗಂಟೆಗೆ ಬಿಡಬೇಕಿತ್ತು. ಅವರಿಲ್ಲದೆ ಗಿರಣಿ ಓಡುವುದು ಹೇಗೆ? ಗಂಡಸರೂ ಮನೆಗೆ ಬಂದರು.

ಆ ಸಂಘ ನಡೆಸುವ ಎಫ್ಎ ಕಪ್‌ನ 1883ರ ಫೈನಲ್ ನೋಡಿ. ಒಂದು ಕಡೆ ಈಟನ್ ಎಂಬ ಸಿರಿವಂತರ ಶಾಲೆಯಲ್ಲಿ ಓದಿದವರ ತಂಡ. ಇನ್ನೊಂದು ಕಡೆ ಬ್ಲಾಕ್‌ಬರ್ನ್ ಒಲಿಂಪಿಕ್: ನೇಕಾರರು, ನೂಲುವವರು, ಒಬ್ಬ ಪ್ಲಂಬರ್. ಪಂದ್ಯಕ್ಕೆ ಮುಂಚೆ ಇವರು ಬ್ಲಾಕ್‌ಪೂಲ್ ಎಂಬ ಕಡಲೂರಿಗೆ ಹೋಗಿ ಅಭ್ಯಾಸ ಮಾಡಿದ್ದರು. ಖರ್ಚಿಗೆ ಊರಿನ ಫೌಂಡ್ರಿ ಮಾಲೀಕರೊಬ್ಬರು ಕೈಹಿಡಿದಿದ್ದರು. ಹೆಚ್ಚುವರಿ ಸಮಯದಲ್ಲಿ ಕಾಸ್ಟ್ಲಿ ಅನ್ನುವ ಹುಡುಗ, ಹತ್ತಿ ಗಿರಣಿಯಲ್ಲಿ ನೂಲುವವನು, ಗೋಲು ಹೊಡೆದ. 2-1. ಶುರುವಾಯ್ತು ನೋಡಿ ಗೊಣಗಾಟ: ಕೂಲಿ ಮಾಡೋರಿಗೆ ಇಷ್ಟು ದಿನ ಕೆಲಸ ಬಿಟ್ಟಿರೋಕೆ ಹೇಗಾಯ್ತು? ಎರಡೇ ವರ್ಷದಲ್ಲಿ, 1885ರಲ್ಲಿ, ಫುಟ್‌ಬಾಲ್‌ನವರು ಸಂಬಳ ಕೊಡಲು ಒಪ್ಪಿದರು.

ಇಂಗ್ಲೆಂಡಿನ ಹೆನ್ಲಿ ಊರಿನ ದೋಣಿ ಸ್ಪರ್ಧೆಯವರ ಕಥೆ ಬೇರೆ. ದುಡ್ಡಿಗಲ್ಲದೆ ಆಟದ ಪ್ರೀತಿಗೆ ಆಡುವವನಿಗೆ ಅಮೆಚೂರ್ ಅನ್ನುತ್ತಾರಲ್ಲ, ಆ ಅಮೆಚೂರ್ ಅಂದರೆ ಯಾರು ಅಂತ 1879ರಲ್ಲಿ ಬರೆದಿಟ್ಟರು. ಮೆಕ್ಯಾನಿಕ್, ಕುಶಲಕರ್ಮಿ, ಕೂಲಿಗಾರ ಅಮೆಚೂರ್ ಅಲ್ಲ. ದೋಣಿ ನಡೆಸಿದ್ದಕ್ಕೆ ಒಂದು ಪೈಸೆ ಮುಟ್ಟದಿದ್ದರೂ ಅಲ್ಲ! ಅಂದ ಮೇಲೆ ಇದು ದುಡ್ಡಿನ ವಿಷಯವೇ ಅಲ್ಲ. ಸುಮ್ನೆ ನೆಪ.

ನನಗೆ ಜಾಸ್ತಿ ಸಿಟ್ಟು ಬರುವುದು ರಗ್ಬಿಯವರ ಮೇಲೆ. ಉತ್ತರ ಇಂಗ್ಲೆಂಡಿನ ಯಾರ್ಕ್‌ಷೈರ್ ಕ್ಲಬ್ಬುಗಳು ಸಂಬಳ ಕೇಳಿರಲಿಲ್ಲ. ದೂರದೂರಿನ ಪಂದ್ಯಕ್ಕೆ ಹೋದ ಗಣಿ ಕೆಲಸಗಾರನಿಗೆ ಅವತ್ತಿನ ಕೂಲಿ ತಪ್ಪುತ್ತದೆ, ಅಷ್ಟು ತುಂಬಿಕೊಡೋಣ ಅಂದರು. 1893ರಲ್ಲಿ ಮತಕ್ಕೆ ಹಾಕಿದಾಗ ಪರವಾಗಿ 136, ವಿರುದ್ಧ 282. 1895ರ ಆಗಸ್ಟ್‌ನಲ್ಲಿ ಹಡರ್ಸ್‌ಫೀಲ್ಡ್‌ನ ಹೋಟೆಲಿನಲ್ಲಿ ಸೇರಿದ ಉತ್ತರದ ಕ್ಲಬ್ಬುಗಳು ಬೇರೆ ಮನೆ ಮಾಡಿಕೊಂಡವು. ತಪ್ಪಿದ ಕೂಲಿಗೆ ದಿನಕ್ಕೆ ಆರು ಶಿಲ್ಲಿಂಗ್ ಅಂತ ಗೊತ್ತು ಮಾಡಿದರು. ಇವತ್ತಿನ ರಗ್ಬಿ ಲೀಗ್ ಅಲ್ಲಿಂದ ಬಂದಿದ್ದು.

ಹಳೆ ಮನೆಯವರು, ಅಂದರೆ ರಗ್ಬಿ ಯೂನಿಯನ್‌ನವರು, ಆಟಗಾರರಿಗೆ ದುಡ್ಡು ಕೊಡಲು ಒಪ್ಪಿದ್ದು ಯಾವಾಗ ಗೊತ್ತಾ? 1995ರ ಆಗಸ್ಟ್‌ನಲ್ಲಿ.