'ಫೋಟೋ ಎಲ್ಲಾ ಇದೆಯಲ್ಲ' ಅಂತ ದಯವಿಟ್ಟು ಹೇಳಬೇಡಿ

"ಫೋಟೋ ಎಲ್ಲಾ ಇದೆಯಲ್ಲ, ಇನ್ನೇನು ಬೇಕು?"

ಈ ಮಾತು ಕೇಳಿ ಕೇಳಿ ಸಾಕಾಗಿ ಹೋಗಿದೆ. ಬೆಂಗಳೂರಿನಲ್ಲಿರುವ ಅಣ್ಣನ ಮಗ ಹೇಳಿದ. ಶಿವಮೊಗ್ಗದ ಕಂಪ್ಯೂಟರ್ ಅಂಗಡಿಯವರು ಹೇಳಿದರು. ವಿಂಡೋಸ್ ಬದಲು ಬಳಸುವ ಲಿನಕ್ಸ್ ವ್ಯವಸ್ಥೆಯನ್ನು ಚೆನ್ನಾಗಿ ಬಲ್ಲ ಗೆಳೆಯರೂ ಅದನ್ನೇ ಹೇಳಿದರು. ಹೌದು, ಫೋಟೋ ಇವೆ. 80 ಸಾವಿರದ ಹತ್ತಿರ ಇವೆ. ಆದರೆ ಅದರಲ್ಲಿ ಯಾರಿದ್ದಾರೆ, ಯಾವ ಊರು, ಯಾರ ಮನೆಯ ಮದುವೆ ಅನ್ನುವುದು ಫೋಟೋದೊಳಗೆ ಇಲ್ಲ. ಅದೆಲ್ಲ ಬೇರೆ ಕಡೆ ಇದೆ. ಯಾವತ್ತೋ ಕೈಬಿಟ್ಟ, ಫೋಟೋ ಜೋಡಿಸಿಡುವ ಎಫ್-ಸ್ಪಾಟ್ ಅನ್ನುವ ಒಂದು ಸಾಫ್ಟ್‌ವೇರಿನ ಹೊಟ್ಟೆಯೊಳಗೆ ಇದೆ. ಅದನ್ನು ಹೊರಗೆ ತೆಗೆಯಲು ಈ ಮಳೆಗಾಲ ಪೂರ್ತಿ ಹೆಣಗಾಡುತ್ತಿದ್ದೇನೆ. ಸಿಟ್ಟು ನೆತ್ತಿಗೇರಿದೆ. ಹೇಳದೆ ಇರಲು ಆಗುತ್ತಿಲ್ಲ.

ನಮ್ಮದು ಸಾಗರ ತಾಲ್ಲೂಕು, ಅಡಿಕೆ ತೋಟ. ಮೊದಲೆಲ್ಲ ಉಬುಂಟು ಅನ್ನುವ ಲಿನಕ್ಸಿನ ಸಿಡಿ ಬೇಕು ಅಂತ ಕೇಳಿಕೊಂಡರೆ ಅಂಚೆಯಲ್ಲಿ ಪುಕ್ಕಟೆ ಕಳಿಸುತ್ತಿದ್ದರು. 2011ರವರೆಗೂ ಆ ವ್ಯವಸ್ಥೆ ಇತ್ತು. ಹಾಗೆ ನಮ್ಮ ಹಳ್ಳಿಯ ಪೋಸ್ಟ್‌ಮ್ಯಾನ್ ತಂದುಕೊಟ್ಟ ಸಿಡಿಯಲ್ಲೇ ಎಫ್-ಸ್ಪಾಟ್ ಬಂತು. ನಾನು ಹುಡುಕಿಕೊಂಡು ಹೋಗಿ ಹಾಕಿಕೊಂಡಿದ್ದಲ್ಲ. ಸಿಸ್ಟಮ್ ಜೊತೆಗೇ ಕೊಟ್ಟಿದ್ದರು. ಕ್ಯಾಮೆರಾ ಸಿಕ್ಕಿಸಿದರೆ ಅದೇ ತೆರೆದುಕೊಳ್ಳುತ್ತಿತ್ತು. ವರ್ಷ, ತಿಂಗಳು, ದಿನ ಅಂತ ಫೋಲ್ಡರ್ ಮಾಡಿ ಫೋಟೋ ಜೋಡಿಸುತ್ತಿತ್ತು. ಪಕ್ಕದಲ್ಲಿ ಫೋಟೋಗೆ ಅಂಟಿಸುವ ಹೆಸರಿನ ಚೀಟಿಗಳ, ಅಂದರೆ ಟ್ಯಾಗ್‌ಗಳ ಪಟ್ಟಿ. ಜನ, ಜಾಗ, ಸಮಾರಂಭ ಅಂತ ಗುಂಪುಗಳು. ಅದರ ಕೆಳಗೆ ನಮಗೆ ಬೇಕಾದ ಹೆಸರು ಸೇರಿಸಿಕೊಂಡು, ಎಳೆದು ಫೋಟೋ ಮೇಲೆ ಬಿಟ್ಟರೆ ಆಯ್ತು. ಬಹಳ ಚೆನ್ನಾಗಿತ್ತು. ಚೆನ್ನಾಗಿತ್ತು ಅಂತಲೇ ನಾನು ಅಷ್ಟೊಂದು ದುಡಿಮೆ ಅದರೊಳಗೆ ಹಾಕಿದೆ.

ಎಂಥ ದುಡಿಮೆ ಅಂತ ಹೇಳುತ್ತೇನೆ, ಕೇಳಿ.

1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಶರಾವತಿ ಕಣಿವೆ ಮುಳುಗಿತು. ನಮ್ಮ ಹಳೆಯ ಮನೆಯೂ ಹೋಯಿತು. ಮುಳುಗಡೆಯಾದ ಮೇಲೆ ಒಂದೇ ಊರಿನವರು ಒಂದೊಂದು ಕಡೆ ಚದುರಿಹೋದರು. ಅವರವರ ಮನೆಯ ಅಟ್ಟದಲ್ಲಿ, ಟ್ರಂಕಿನಲ್ಲಿ ನಾಕೈದು ಕಪ್ಪು-ಬಿಳುಪು ಫೋಟೋ ಉಳಿದಿದ್ದವು. ಮಲೆನಾಡಿನ ಥಂಡಿಗೆ ಅರ್ಧಕ್ಕರ್ಧ ಬೂಷ್ಟು ಹಿಡಿದಿದ್ದವು. ನಾನು ನೆಂಟರಿಷ್ಟರ ಮನೆ ಮನೆಗೆ ಹೋಗಿ ಅವನ್ನೆಲ್ಲ ತಂದು ಸ್ಕ್ಯಾನ್ ಮಾಡಿದೆ. ದೊಡ್ಡಪ್ಪನನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಂದೊಂದನ್ನೇ ತೋರಿಸಿದೆ. "ಇದು ನಮ್ಮ ಅತ್ತೆಯ ಮೈದುನ, ಈ ಪಕ್ಕದಲ್ಲಿ ನಿಂತವನು ಗಾಡಿ ಹೊಡೀತಿದ್ದ, ಹಿಂದೆ ಕಾಣೋದು ನಮ್ಮ ಮನೆ ಕಣ" ಅಂತ ಅವರು ಹೇಳುತ್ತಾ ಹೋದರು. ನಾನು ಟ್ಯಾಗ್ ಹಾಕುತ್ತಾ, ಕೆಳಗಿನ ವಿವರಣೆಯ ಜಾಗದಲ್ಲಿ ಅವರ ಮಾತು ಟೈಪ್ ಮಾಡುತ್ತಾ ಹೋದೆ. ದೊಡ್ಡಪ್ಪ ಈಗ ಇಲ್ಲ. ಆ ಮುಖಗಳನ್ನು ಗುರುತು ಹಿಡಿಯುವವರು ನಮ್ಮ ಕುಟುಂಬದಲ್ಲಿ ಇನ್ನೊಬ್ಬರಿಲ್ಲ.

ಬೇಸಿಗೆಯಲ್ಲಿ ಲಿಂಗನಮಕ್ಕಿಯ ನೀರು ತೀರಾ ಇಳಿದಾಗ ಮಡೆನೂರಿನಲ್ಲಿ ಮುಳುಗಿರುವ 1948ರ ಹಿರೇಭಾಸ್ಕರ ಅಣೆಕಟ್ಟು ಮೇಲೆ ಬರುತ್ತದಲ್ಲ, ಯಾವ ಯಾವ ವರ್ಷ ಎಷ್ಟೆಷ್ಟು ಕಂಡಿತು ಅಂತ ಟ್ಯಾಗ್ ಹಾಕಿಟ್ಟಿದ್ದೆ. ಹಿನ್ನೀರು ದಾಟಿ ಸಿಗಂದೂರಿಗೆ ಹೋಗುವ ಲಾಂಚಿನ ಫೋಟೋಗಳೂ ಇದ್ದವು. ಬಸ್ಸು, ಜೀಪು, ಮದುವೆ ದಿಬ್ಬಣ ಎಲ್ಲ ಲಾಂಚಿನ ಮೇಲೆ. 2025ರ ಜುಲೈನಲ್ಲಿ ಅಂಬಾರಗೋಡ್ಲು-ಕಳಸವಳ್ಳಿ ಸೇತುವೆ ಓಡಾಟಕ್ಕೆ ತೆರೆಯಿತು. ಇನ್ನು ಮುಂದೆ ಆ ಫೋಟೋಗಳನ್ನು ಮತ್ತೆ ತೆಗೆಯಲು ಆಗುವುದಿಲ್ಲ.

ಈಗ ಆ ಸಾಫ್ಟ್‌ವೇರಿನ ಕಥೆ. 2010ರ ಅಕ್ಟೋಬರಿನಲ್ಲಿ ಉಬುಂಟು 10.10 ಬಂದಾಗ ಎಫ್-ಸ್ಪಾಟ್ ತೆಗೆದು ಶಾಟ್‌ವೆಲ್ ಅನ್ನುವ ಇನ್ನೊಂದು ಫೋಟೋ ಸಾಫ್ಟ್‌ವೇರ್ ಹಾಕಿದರು. ಅದೇ ಡಿಸೆಂಬರಿನಲ್ಲಿ ಬಂದ 0.8.2 ಎಫ್-ಸ್ಪಾಟಿನ ಕೊನೆಯ ಸ್ಥಿರ ಆವೃತ್ತಿ. ಅದಾದ ಮೇಲೆ ಏನೂ ಇಲ್ಲ. ಅದು ಮೊನೊ ಅನ್ನುವ ವ್ಯವಸ್ಥೆಯ ಮೇಲೆ ನಿಂತ ಸಾಫ್ಟ್‌ವೇರ್. ಅದಕ್ಕೆ ಬೇಕಾದ ಹಳೆಯ ಬಿಡಿಭಾಗಗಳು ಹೊಸ ಲಿನಕ್ಸ್‌ಗಳಲ್ಲಿ ಸಿಗುವುದೇ ಇಲ್ಲ. ಹಾಗಾಗಿ ಹಳೆಯ ಲ್ಯಾಪ್‌ಟಾಪನ್ನು ಹಾಗೇ ಇಟ್ಟುಕೊಂಡು ಬಂದಿದ್ದೆ. ಈಗ ಅದು ಸಾಯುತ್ತಿದೆ. ಬ್ಯಾಟರಿ ಯಾವತ್ತೋ ಹೋಗಿದೆ. ಕರೆಂಟ್ ಹೋಗಿ ಇನ್ವರ್ಟರ್ ಹಿಡಿಯುವಷ್ಟರಲ್ಲಿ ಆಫ್ ಆಗುತ್ತದೆ. ಮಳೆಗಾಲದಲ್ಲಿ ನಮ್ಮಲ್ಲಿ ಕರೆಂಟಿನ ಪಾಡು ಗೊತ್ತಲ್ವಾ? ಮರ ಬಿತ್ತು, ಲೈನ್ ಹೋಯ್ತು, ಮುಗೀತು.

ನನಗೆ ಎಲ್ಲಕ್ಕಿಂತ ಸಿಟ್ಟು ಬಂದಿದ್ದು ಯಾವುದಕ್ಕೆ ಅಂದರೆ, ನಾವು ಹಾಕಿದ ಟ್ಯಾಗನ್ನು, ಬರೆದ ವಿವರಣೆಯನ್ನು ಫೋಟೋ ಫೈಲಿನೊಳಗೇ ಬರೆದಿಡುವ ಶಕ್ತಿ ಎಫ್-ಸ್ಪಾಟಿಗೆ ಇತ್ತು! ಸೆಟ್ಟಿಂಗ್ಸ್ ಒಳಗೆ ಒಂದು ಚೌಕದಲ್ಲಿ ಟಿಕ್ ಹಾಕಿದ್ದರೆ ಸಾಕಿತ್ತು. ಆದರೆ ಆ ಟಿಕ್ಕನ್ನು ಅವರು ಹಾಕದೇ ಕೊಟ್ಟರು. ಯಾಕೆ? ಫೋಟೋದೊಳಗೆ ಇಂಥ ಮಾಹಿತಿ ಇಡುವ ಎಕ್ಸ್‌ಎಂಪಿ ಎಂಬ ಪದ್ಧತಿ 2001ರಲ್ಲೇ ಬಂದಿತ್ತು. ಎಫ್-ಸ್ಪಾಟ್ ಹುಟ್ಟುವ ಮೊದಲೇ ಇತ್ತು. ಎಲ್ಲ ಗೊತ್ತಿದ್ದವರು ಕಟ್ಟಿದ ಸಾಫ್ಟ್‌ವೇರ್ ಅದು. ಆದರೂ ನನ್ನ ದೊಡ್ಡಪ್ಪನ ಮಾತು ಫೋಟೋದೊಳಗೆ ಹೋಗಲಿಲ್ಲ. ಫೋಟೋಸ್ ಡಾಟ್ ಡಿಬಿ ಅನ್ನುವ ಒಂದೇ ಒಂದು ಡೇಟಾಬೇಸ್ ಫೈಲಿಗೆ ಹೋಯಿತು. ಅದೂ ಕಣ್ಣಿಗೆ ಬೀಳದ ಹಾಗೆ ಅಡಗಿಸಿಟ್ಟ ಫೋಲ್ಡರಿನೊಳಗೆ. ತೋಟ ನಿಮ್ಮದೇ, ಪಹಣಿ ಮಾತ್ರ ನಮ್ಮ ಹತ್ತಿರ ಇರಲಿ ಅಂದ ಹಾಗಾಯಿತು ಇದು.

"ನೀವು ಆಗಲೇ ಸೆಟ್ಟಿಂಗ್ಸ್ ನೋಡಬೇಕಿತ್ತು" ಅಂತ ಒಬ್ಬರು ನನಗೇ ಬುದ್ಧಿ ಹೇಳಿದರು. ಒಪ್ಪುವುದಿಲ್ಲ ಸ್ವಾಮಿ. ಹೆಸರು ಬರೆಯಲು ಜಾಗ ಕೊಟ್ಟರೆ ಬರೆದ ಹೆಸರು ಫೋಟೋದ ಜೊತೆಗೇ ಇರುತ್ತದೆ ಅಂತ ಯಾರಾದರೂ ನಂಬುತ್ತಾರೆ. ನಂಬುವುದು ತಪ್ಪಲ್ಲ. ಫೋಟೋಗಳನ್ನು ಪೆನ್‌ಡ್ರೈವಿಗೆ ಹಾಕಿ ಅಕ್ಕನ ಮಗಳಿಗೆ ಕೊಟ್ಟಾಗ ಅವಳಿಗೆ ಒಂದು ಹೆಸರೂ ಕಾಣಿಸಲಿಲ್ಲ. ಇದು ಬಳಸುವವನ ತಪ್ಪೋ, ಕಟ್ಟಿದವರ ತಪ್ಪೋ?

ಸರಿ, ತೆಗೆಯೋಣ ಅಂತ ಕೂತರೆ ಒಂದರ ಹಿಂದೆ ಒಂದು ತೊಂದರೆ. ಆ ಡೇಟಾಬೇಸಿನಲ್ಲಿ ಪ್ರತಿ ಫೋಟೋದ ಪೂರ್ತಿ ವಿಳಾಸ ಬರೆದಿದೆ. ಹಳೆಯ ಲ್ಯಾಪ್‌ಟಾಪಿನ ಹೋಮ್ ಫೋಲ್ಡರು, ಅದರಲ್ಲಿ ನನ್ನ ಹಳೆಯ ಯೂಸರ್ ಹೆಸರು, ಎಲ್ಲ ಸೇರಿಸಿ. ಫೋಟೋಗಳನ್ನು ಹೊಸ ಹಾರ್ಡ್‌ಡಿಸ್ಕಿಗೆ ಹಾಕಿದ ಕೂಡಲೇ ಆ ವಿಳಾಸಗಳೆಲ್ಲ ಸುಳ್ಳಾದವು. ಇದು ಇಂಗ್ಲಿಷ್ ಹೆಸರಿನ ಫೋಲ್ಡರುಗಳ ಪಾಡು. ನಾನು ಸ್ಕ್ಯಾನ್ ಮಾಡಿದ್ದಕ್ಕೆಲ್ಲ ಕನ್ನಡದಲ್ಲೇ ಫೋಲ್ಡರ್ ಹೆಸರು ಇಟ್ಟಿದ್ದೆ. ಡೇಟಾಬೇಸಿನಲ್ಲಿ ಅವು ಕನ್ನಡವಾಗಿ ಇಲ್ಲ. ಒಂದೊಂದು ಅಕ್ಷರಕ್ಕೂ, ಒಂದೊಂದು ಗುಣಿತದ ಚಿಹ್ನೆಗೂ ಶೇಕಡಾ ಗುರುತು ಸೇರಿ ಒಂಬತ್ತೊಂಬತ್ತು ಇಂಗ್ಲಿಷ್ ಗುರುತುಗಳು. 'ಮಡೆನೂರು' ಅನ್ನುವ ಪುಟ್ಟ ಹೆಸರು 63 ಗುರುತುಗಳ ಸಾಲಾಗಿ ಕೂತಿದೆ. ಅಣ್ಣನ ಮಗ ಅದನ್ನು ನೋಡಿ, "ಚಿಕ್ಕಪ್ಪ, ಇದು ಹಾಳಾಗಿರೋ ಫೈಲು, ಬಿಟ್ಬಿಡಿ" ಅಂದ. ಹಾಳಾಗಿರಲಿಲ್ಲ. ಅದು ಕನ್ನಡ. ಅದನ್ನು ಮತ್ತೆ ಕನ್ನಡ ಮಾಡಲು ಅವನೇ ಪೈಥಾನ್ ಭಾಷೆಯಲ್ಲಿ ಒಂದು ಸ್ಕ್ರಿಪ್ಟ್, ಅಂದರೆ ಪುಟ್ಟ ಪ್ರೋಗ್ರಾಮ್, ಬರೆದುಕೊಟ್ಟ. ಮನೆಯಲ್ಲಿ ಅಂಥ ಹುಡುಗ ಇಲ್ಲದವರು ಏನು ಮಾಡಬೇಕು?

ಆಮೇಲೆ ಟ್ಯಾಗ್ ಬರೆಯುವ ಕೆಲಸ. ಎಕ್ಸಿಫ್‌ಟೂಲ್ ಅಂತ ಒಂದಿದೆ, ಫೋಟೋ ಫೈಲಿನೊಳಗೆ ಮಾಹಿತಿ ಬರೆಯುವುದಕ್ಕೆ ಅದಕ್ಕಿಂತ ಒಳ್ಳೆಯದು ನಾನು ಕಂಡಿಲ್ಲ. ಎಲ್ಲ ಸಾಫ್ಟ್‌ವೇರುಗಳೂ ಓದುವ ಹಾಗೆ ಎಕ್ಸ್‌ಎಂಪಿ ಜೊತೆಗೆ ಹಳೆಯ ಐಪಿಟಿಸಿ ಪದ್ಧತಿಯಲ್ಲೂ ಬರೆಯಿರಿ ಅಂತ ಗೆಳೆಯರೊಬ್ಬರು ಹೇಳಿದರು. ಆ ಐಪಿಟಿಸಿ ಪತ್ರಿಕಾ ಸಂಸ್ಥೆಗಳಿಗಾಗಿ ಮಾಡಿದ್ದು. ಯುಟಿಎಫ್-8 (ಎಲ್ಲ ಭಾಷೆಯ ಅಕ್ಷರಗಳನ್ನೂ ಬರೆಯುವ ಪದ್ಧತಿ) ಅಂತ ಬೇರೆಯಾಗಿ ಗುರುತು ಹಾಕದಿದ್ದರೆ ಕನ್ನಡವೆಲ್ಲ ಪ್ರಶ್ನೆ ಚಿಹ್ನೆ. ಗುರುತು ಹಾಕಿದರೂ ಒಂದು ಟ್ಯಾಗಿಗೆ 64 ಬೈಟ್ ಮಾತ್ರ. ಇಂಗ್ಲಿಷಿನವರಿಗೆ 64 ಬೈಟ್ ಅಂದರೆ 64 ಅಕ್ಷರ, ಧಾರಾಳ. ಕನ್ನಡದ ಅಕ್ಷರಕ್ಕೆ 3 ಬೈಟ್, ದೀರ್ಘಕ್ಕೆ 3, ಸೊನ್ನೆಗೆ 3, ಒತ್ತಕ್ಷರಕ್ಕೆ ಇನ್ನೂ ಜಾಸ್ತಿ. ಸಾಗರದಲ್ಲಿ ಮೂರು ವರ್ಷಕ್ಕೊಮ್ಮೆ ಮಾರಿಕಾಂಬಾ ಜಾತ್ರೆ ಅಲ್ವಾ? 'ಸಾಗರದ ಮಾರಿಕಾಂಬಾ ಜಾತ್ರೆ 2008' ಅಂತ ನನ್ನ ಟ್ಯಾಗ್. ಅದು 67 ಬೈಟ್. ಕತ್ತರಿಸಿದ ಮೇಲೆ ಉಳಿದಿದ್ದು 'ಸಾಗರದ ಮಾರಿಕಾಂಬಾ ಜಾತ್ರೆ 2'. 2011ರದ್ದೂ 'ಜಾತ್ರೆ 2', 2014ರದ್ದೂ 'ಜಾತ್ರೆ 2'. ಮೂರು ಜಾತ್ರೆಯ ಫೋಟೋ ಒಂದೇ ಟ್ಯಾಗಿನ ಕೆಳಗೆ ಬಂದು ಬಿದ್ದವು. ನಮ್ಮ ಭಾಷೆಯಲ್ಲಿ ಹೆಸರಿಟ್ಟಿದ್ದಕ್ಕೆ ಈ ದಂಡವಾ? ಐಪಿಟಿಸಿ ಬಿಟ್ಟು ಎಕ್ಸ್‌ಎಂಪಿಯಲ್ಲಿ ಮಾತ್ರ ಬರೆದಾಗಲೇ ಅದು ಸರಿಹೋಗಿದ್ದು. ಕನ್ನಡದಲ್ಲಿ ಟ್ಯಾಗ್ ಇಟ್ಟವರು ಇದೊಂದನ್ನು ನೆನಪಿಡಿ.

ಇನ್ನೊಂದು ಕಾಟ, ಜೋಡಿ ಫೋಟೋಗಳು. ಎಫ್-ಸ್ಪಾಟಿನಲ್ಲಿ ಫೋಟೋ ತಿದ್ದಿದರೆ ಮೂಲ ಹಾಗೇ ಇದ್ದು, ತಿದ್ದಿದ್ದು ಪಕ್ಕದಲ್ಲಿ ಬೇರೆ ಫೈಲಾಗಿ ಕೂರುತ್ತದೆ. ಒಳಗೆ ನೋಡುವಾಗ ಒಂದೇ ಫೋಟೋ. ಹೊರಗೆ ಬಂದರೆ ಎರಡು. ಬೂಷ್ಟಿನ ಕಲೆ ತೆಗೆದು, ಬೆಳಕು ಸರಿ ಮಾಡಿದ ಹಳೆಯ ಫೋಟೋಗಳೆಲ್ಲ ಈಗ ಎರಡೆರಡು.

ಸಲಹೆ ಕೊಡುವವರಿಗೇನೂ ಕಡಿಮೆ ಇಲ್ಲ. "ಎಲ್ಲಾ ಕ್ಲೌಡಿಗೆ ಹಾಕಿ, ಅದೇ ಮುಖ ಗುರುತಿಸುತ್ತೆ" ಅಂತಾರೆ. ಮೊದಲನೆಯದು, ನಮ್ಮಲ್ಲಿ ಜೋರು ಮಳೆ ಹಿಡಿದರೆ ಫೋನಿನಲ್ಲಿ ಮಾತಾಡಲೂ ನೆಟ್‌ವರ್ಕ್ ಇರುವುದಿಲ್ಲ, 80 ಸಾವಿರ ಫೋಟೋ ಎಲ್ಲಿಂದ ಹತ್ತಿಸಲಿ? ಎರಡನೆಯದು, ಯಂತ್ರ ಮುಖ ಮುಖಕ್ಕೆ ಹೋಲಿಸಿ ಜೋಡಿಸಬಹುದು. ಆ ಮುಖ ನಮ್ಮಜ್ಜನ ಗಾಡಿ ಹೊಡೆಯುತ್ತಿದ್ದವರದ್ದು ಅಂತ ಅದಕ್ಕೆ ಯಾರು ಹೇಳಬೇಕು? ಮೂರನೆಯದು, ಅಲ್ಲಿ ಬರೆದ ಹೆಸರೂ ಅವರ ಡೇಟಾಬೇಸಿಗೇ ಹೋಗುವುದು. ಇದೇ ಗೋಳು ಮತ್ತೆ ಶುರು.

ಅಂಗಡಿಯವರ ಸಲಹೆ ಇನ್ನೂ ಸುಲಭದ್ದು. "ಫಾರ್ಮ್ಯಾಟ್ ಮಾಡಿ ವಿಂಡೋಸ್ ಹಾಕ್ಕೊಡ್ತೀವಿ ಸರ್, ಫೋಟೋ ಬ್ಯಾಕಪ್ ತಗೊಳ್ತೀವಿ." ಅವರ ಬ್ಯಾಕಪ್ ಅಂದರೆ ಜೇಪೆಗ್ ಫೈಲುಗಳು ಮಾತ್ರ. ಫೋಟೋಸ್ ಡಾಟ್ ಡಿಬಿ ಅವರ ಕಣ್ಣಿಗೇ ಬೀಳುವುದಿಲ್ಲ. ನಾನು ಲ್ಯಾಪ್‌ಟಾಪ್ ವಾಪಸ್ ಎತ್ತಿಕೊಂಡು ಬಂದೆ.

ಲಿನಕ್ಸ್ ಗೆಳೆಯರದು ಮತ್ತೊಂದು ಮಾತು. "ಸೋರ್ಸ್ ಕೋಡ್ ಎಲ್ಲಾ ತೆರೆದೇ ಇದೆ, ಬೇಕಾದವರು ಮುಂದುವರಿಸಬಹುದು." ಒಂದು ವಿಷಯಕ್ಕೆ ಅವರ ಬಗ್ಗೆ ಗೌರವ ಇದೆ. ಆ ಡೇಟಾಬೇಸ್ ಎಸ್‌ಕ್ಯೂಲೈಟ್ ಅನ್ನುವ ತೆರೆದ ಮಾದರಿಯಲ್ಲಿದೆ, ಯಾರು ಬೇಕಾದರೂ ತೆರೆದು ಓದಬಹುದು. ಬೀಗ ಹಾಕಿಲ್ಲ. ಅದಕ್ಕೇ ಇವತ್ತು ನನಗೆ ಇಷ್ಟಾದರೂ ಸಿಗುತ್ತಿದೆ. ಪುಕ್ಕಟೆಯಾಗಿ, ತಮ್ಮ ಬಿಡುವಿನ ಹೊತ್ತಿನಲ್ಲಿ ಕೆಲಸ ಮಾಡಿದವರು ಜೀವನಪೂರ್ತಿ ಅದನ್ನೇ ಮಾಡಿಕೊಂಡಿರಲಿ ಅಂತಲೂ ನಾನು ಕೇಳುತ್ತಿಲ್ಲ. ಆದರೆ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುತ್ತಾ, ಅಡಿಕೆ ಕೊನೆ ಇಳಿಸುವ ಕೊನೆಗೌಡನಿಗೆ ಕಾಯುತ್ತಾ ಇರುವವನು ಎಫ್-ಸ್ಪಾಟ್ ಬರೆದ ಸಿ-ಶಾರ್ಪ್ ಭಾಷೆ ಕಲಿತು ಸಾಫ್ಟ್‌ವೇರ್ ಮುಂದುವರಿಸಬೇಕು ಅನ್ನುವುದು ಉತ್ತರವೇ ಅಲ್ಲ.

ಶಾಟ್‌ವೆಲ್ಲಿನಲ್ಲಿ ಎಫ್-ಸ್ಪಾಟಿನಿಂದ ತೆಗೆದುಕೊಳ್ಳುವ ದಾರಿ ಇಟ್ಟಿದ್ದರಲ್ಲ ಅಂತಲೂ ಕೇಳಬಹುದು. ಇಟ್ಟಿದ್ದರು. ಆದರೆ ಅದು ತೆಗೆದುಕೊಳ್ಳುವುದು ಮತ್ತೆ ತನ್ನದೇ ಡೇಟಾಬೇಸಿಗೆ. ಫೈಲಿನೊಳಗೆ ಬರೆಯುವುದು ಅಲ್ಲೂ ಬೇಕಿದ್ದರೆ ಆರಿಸಿಕೊಳ್ಳುವ ವಿಷಯ. ಶಾಟ್‌ವೆಲ್ ಕಟ್ಟಿದ ಯೋರ್ಬಾ ಸಂಸ್ಥೆಯೂ ಆಮೇಲೆ ಮುಚ್ಚಿತು. ಬೇರೆಯವರು ಕೈಗೆತ್ತಿಕೊಂಡಿದ್ದರಿಂದ ಆ ಸಾಫ್ಟ್‌ವೇರ್ ಉಳಿದಿದೆ. ಗೂಗಲಿನ ಫೋಟೋ ಸಾಫ್ಟ್‌ವೇರ್ ಪಿಕಾಸಾ ನೋಡಿ, ಲಿನಕ್ಸಿಗೆ 2012ರಲ್ಲಿ ನಿಂತಿತು, 2016ರಲ್ಲಿ ಎಲ್ಲರಿಗೂ ನಿಂತಿತು. ಹೀಗೆ ಒಂದರಿಂದ ಇನ್ನೊಂದಕ್ಕೆ ಎಷ್ಟು ಸಲ ಹೊರಬೇಕು?

ನಾನು ಕೇಳುವುದು ಒಂದೇ. ನಿಲ್ಲಿಸುವುದಾದರೆ ನಿಲ್ಲಿಸಿ. ನಿಲ್ಲಿಸುವ ಮೊದಲು ಕೊನೆಯದಾಗಿ ಒಂದು ಆವೃತ್ತಿ ಬಿಡಿ. ಅದರಲ್ಲಿ ಹೊಸದೇನೂ ಬೇಡ. ಒಂದು ಬಟನ್ ಇರಲಿ. ಒತ್ತಿದರೆ ಪ್ರತಿ ಟ್ಯಾಗು, ಪ್ರತಿ ವಿವರಣೆ ಆಯಾ ಫೋಟೋದೊಳಗೆ ಹೋಗಿ ಕೂರಬೇಕು. ಸಾಧ್ಯವಾದರೆ ಮೊದಲ ದಿನದಿಂದಲೇ ಆ ಟಿಕ್ ಹಾಕಿಯೇ ಕೊಡಿ. ಜನ ಕೂತು ಬರೆದದ್ದು ಜನರದ್ದು.

ನನ್ನ ಕೆಲಸ ಇನ್ನೂ ಮುಗಿದಿಲ್ಲ. ಮುಳುಗಡೆಯ ಫೋಟೋಗಳನ್ನು ಮೊದಲು ಹಿಡಿದೆ, ಅವೆಲ್ಲ ಆಯಿತು. ದೊಡ್ಡಪ್ಪ ಹೇಳಿದ್ದು ಈಗ ಫೈಲಿನೊಳಗೇ ಇದೆ, ಡಿಜಿಕ್ಯಾಮ್ ಅನ್ನುವ ಬೇರೆ ಫೋಟೋ ಸಾಫ್ಟ್‌ವೇರಿನಲ್ಲಿ ತೆರೆದು ನೋಡಿದೆ, ಸರಿಯಾಗಿ ಕಾಣುತ್ತದೆ. ಗುಂಪಿನೊಳಗೆ ಗುಂಪು ಅಂತ ಜೋಡಿಸಿದ್ದ ಟ್ಯಾಗುಗಳು ಇನ್ನೂ ಬಾಕಿ ಇವೆ. ಜೋಡಿ ಫೋಟೋಗಳಿಗೆ ಕೈಯೇ ಹಾಕಿಲ್ಲ.

ನಿಮ್ಮ ಮನೆಯಲ್ಲೂ ಆ ಕಾಲದ ಉಬುಂಟು ಇದ್ದ ಹಳೆಯ ಕಂಪ್ಯೂಟರ್ ಇದ್ದರೆ, ಅಂಗಡಿಗೆ ಕೊಡುವ ಮೊದಲು, ಗುಜರಿಗೆ ಹಾಕುವ ಮೊದಲು, ಹೋಮ್ ಫೋಲ್ಡರ್ ತೆರೆದು ಕಂಟ್ರೋಲ್ ಮತ್ತು ಎಚ್ ಒತ್ತಿ. ಅಡಗಿದ ಫೋಲ್ಡರುಗಳು ಕಾಣುತ್ತವೆ. ಡಾಟ್ ಕಾನ್ಫಿಗ್ ಒಳಗೆ ಎಫ್-ಸ್ಪಾಟ್, ಅದರೊಳಗೆ ಫೋಟೋಸ್ ಡಾಟ್ ಡಿಬಿ. ಅಲ್ಲಿ ಇಲ್ಲದಿದ್ದರೆ ಡಾಟ್ ಗ್ನೋಮ್2 ಒಳಗೆ ನೋಡಿ. ಆ ಒಂದು ಫೈಲನ್ನು ಇವತ್ತೇ ಎರಡು ಕಡೆ ಕಾಪಿ ಮಾಡಿಡಿ. ಸ್ಕ್ರಿಪ್ಟ್ ಬೇಕಿದ್ದರೆ ಕೇಳಿ, ನಮ್ಮ ಹುಡುಗ ಬರೆದದ್ದನ್ನು ಕೊಡುತ್ತೇನೆ. ಕನ್ನಡ ಹೆಸರುಗಳಿಗೂ ಅದು ಕೆಲಸ ಮಾಡುತ್ತದೆ.