ಕೊಹಿಮಾದಲ್ಲಿ ಭಾವನ ಹೊಟ್ಟೆಪಾಡು

ಇಡೀ ದೇಶಕ್ಕೆ ಒಂದೇ ಗಡಿಯಾರ ಸಾಕು ಅಂದವರು ಯಾರೂ ನಾಗಾಲ್ಯಾಂಡಿನ ಕೊಹಿಮಾದಲ್ಲಿ ರಾತ್ರಿ ಊಟ ಹುಡುಕಿದವರಲ್ಲ. ನಮ್ಮ ಗಡಿಯಾರ ನಡೆಯುವುದು 82.5 ಡಿಗ್ರಿ ರೇಖಾಂಶದ ಲೆಕ್ಕದಲ್ಲಿ. ಕೊಹಿಮಾ ಇರುವುದು 94ರ ಆಚೆ, ಬೆಂಗಳೂರು 77ರ ಆಚೀಚೆ. ಹಾಗಾಗಿ ಅಲ್ಲಿ ಸೂರ್ಯ ನಮಗಿಂತ ಗಂಟೆಗೂ ಮೊದಲೇ ಡ್ಯೂಟಿ ಮುಗಿಸಿ ಹೊರಡುತ್ತಾನೆ. ನವೆಂಬರ್ ಕೊನೆಯಲ್ಲಂತೂ ನಾಲ್ಕೂವರೆಗೆಲ್ಲ ಮುಳುಗಿರುತ್ತಾನೆ. ಅವನ ಹಿಂದೆಯೇ ಅಂಗಡಿ ಶಟರ್‌ಗಳೂ ಇಳಿಯುತ್ತವೆ. ನಾವೋ, ಒಂಬತ್ತೂವರೆಗೆ "ಊಟಕ್ಕೆ ಏನ್ ಮಾಡೋಣ" ಅಂತ ಯೋಚನೆ ಶುರು ಮಾಡುವ ಜಾತಿ.

ಜೊತೆಗಿದ್ದವರು ನಮ್ಮ ಭಾವ, ರಾಮನಗರದ ಕಡೆಯವರು. ಕೋಳಿ, ಕುರಿ, ಕೆರೆ ಮೀನು ಎಲ್ಲ ನಡೆಯುತ್ತದೆ, ಆದರೆ ಹಂದಿ ಮುಟ್ಟಲ್ಲ, ಹೆಸರು ಗೊತ್ತಿಲ್ಲದ್ದನ್ನು ಬಾಯಿಗಿಡಲ್ಲ. ನಾಗಾಲ್ಯಾಂಡಿಗೆ ಹೊರಡುವಾಗ ಇಂಥ ವ್ರತ ಇಟ್ಟುಕೊಂಡವರನ್ನು ನಾನು ಬೇರೆ ಕಂಡಿಲ್ಲ. ಡಿಸೆಂಬರ್ 1ರಿಂದ 10ರವರೆಗೆ ಕೊಹಿಮಾ ಹತ್ತಿರದ ಕಿಸಾಮಾದಲ್ಲಿ ನಾಗಾಗಳ ಹಾರ್ನ್‌ಬಿಲ್ ಹಬ್ಬ, ಆಗ ರೂಮು ಸಿಗೋದೇ ಕಷ್ಟ. ಅದಕ್ಕೇ ಒಂದು ವಾರ ಮುಂಚೆ ಹೋಗಿ ಬರೋಣ, ಜನ ಇರಲ್ಲ, ದುಡ್ಡೂ ಉಳಿಯುತ್ತೆ ಅನ್ನುವುದು ಭಾವನ ಲೆಕ್ಕ. ಜನ ಇರಲಿಲ್ಲ ನಿಜ. ಏನು ಕೇಳಿದರೂ "ಡಿಸೆಂಬರ್‌ನಲ್ಲಿ ಬನ್ನಿ" ಅನ್ನುತ್ತಿದ್ದರು.

ಹೊರಗಿನವರಿಗೆ ಬೇಕಾದ ಇನ್ನರ್ ಲೈನ್ ಪರ್ಮಿಟ್ ಆನ್‌ಲೈನ್‌ನಲ್ಲೇ ಸಿಕ್ಕಿತ್ತು. ಈ ಪದ್ಧತಿ 1873ರ ಬ್ರಿಟಿಷರ ಕಾನೂನಿನಿಂದ ಬಂದದ್ದು, ಈಗ ನಾಗಾಗಳೇ ಅದನ್ನು ಬಿಟ್ಟುಕೊಡಲು ತಯಾರಿಲ್ಲ. ನಮ್ಮ ರೈಲು ದಿಮಾಪುರದವರೆಗೆ ಮಾತ್ರ. ಅಲ್ಲಿಂದ ಶೇರ್ ಸುಮೋ, ಎಪ್ಪತ್ತು ಚಿಲ್ಲರೆ ಕಿಲೋಮೀಟರ್ ಬೆಟ್ಟದ ದಾರಿ. ಕೊನೆಯ ಸೀಟು ತುಂಬುವವರೆಗೂ ಗಾಡಿ ಅಲುಗಲಿಲ್ಲ. ಕೊಹಿಮಾ ಮುಟ್ಟುವಾಗ ಆರೂವರೆ. ನೋಡಿದರೆ ಮಧ್ಯರಾತ್ರಿ! ಒಂದು ಬದಿ ಬೆಟ್ಟದ ತುಂಬ ದೀಪ, ಇನ್ನೊಂದು ಬದಿ ಸಾಲಾಗಿ ಬೀಗ. ಭಾವ ಇಳಿದವರೇ ಗಡಿಯಾರ ಅಲ್ಲಾಡಿಸಿ ಕಿವಿಗೆ ಹಿಡಿದರು.

ಲಾಡ್ಜ್‌ನ ಅಡುಗೆಮನೆಯೂ ಮುಚ್ಚಿತ್ತು. ಅಲ್ಲಿದ್ದ ಹುಡುಗ ನಮ್ಮ ಮುಖ ನೋಡಿ ಪಾಪ ಅನ್ನಿಸಿತೋ ಏನೋ, ತನಗೆ ಅಂತ ಮಾಡಿಕೊಂಡಿದ್ದ ಗಾಲ್ಹೋ ತಂದುಕೊಟ್ಟ. ಅಕ್ಕಿ, ಸೊಪ್ಪು ಎಲ್ಲ ಒಟ್ಟಿಗೆ ಬೇಯಿಸುವ ಅಂಗಾಮಿ ನಾಗಾಗಳ ಮೆತ್ತನೆ ಗಂಜಿ ಅದು. ಅವನು ಅದಕ್ಕೆ ಅಖುನಿಯನ್ನೂ ಹಾಕಿದ್ದ. ಸೋಯಾ ಕಾಳು ಬೇಯಿಸಿ, ಎಲೆಯಲ್ಲಿ ಕಟ್ಟಿ, ಬೆಚ್ಚಗೆ ಇಟ್ಟು ಹುಳಿ ಬರಿಸಿದ್ದೇ ಅಖುನಿ. ವಾಸನೆ ಮೊದಲು ಬರುತ್ತೆ, ತಟ್ಟೆ ಆಮೇಲೆ. ದೆಹಲಿ ಪೊಲೀಸರು 2007ರಲ್ಲಿ ಈಶಾನ್ಯದ ವಿದ್ಯಾರ್ಥಿಗಳಿಗೆ ಅಂತ ಹಂಚಿದ ಪುಸ್ತಿಕೆಯಲ್ಲಿ, ಕಳಲೆ, ಅಖುನಿ ಇಂಥದ್ದನ್ನು ಅಕ್ಕಪಕ್ಕದಲ್ಲಿ ಗಲಾಟೆಯಾಗದಂತೆ ಬೇಯಿಸಿಕೊಳ್ಳಿ ಅಂತ ಬರೆದಿದ್ದರು! ಮನೆಮನೆಯಲ್ಲೂ ಇಂಗಿನ ಡಬ್ಬಿ ಇಟ್ಟುಕೊಂಡ ದೇಶ ಹೇಳಬೇಕಾದ ಮಾತಾ ಇದು? ಭಾವ ಮಾತ್ರ ಏನೂ ಕೇಳಲಿಲ್ಲ. ಬೇಳೆ ಮರೆತ ಬಿಸಿಬೇಳೆಬಾತ್ ಥರ ಇದೆ ಅನ್ನುತ್ತಲೇ ಮತ್ತೆ ಮತ್ತೆ ಬಡಿಸಿಕೊಂಡರು. ಹುಡುಗ ಆಮೇಲೆ ಏನು ತಿಂದನೋ.

ಮರುದಿನ ಭಾನುವಾರ. ಬೆಳಗ್ಗೆ ಆರಕ್ಕೆ ಬಿಸಿಲು ಮುಖಕ್ಕೆ ಹೊಡೆದು ಎಬ್ಬಿಸಿತು. 2011ರ ಜನಗಣತಿ ಪ್ರಕಾರ ನಾಗಾಲ್ಯಾಂಡಿನಲ್ಲಿ 100ಕ್ಕೆ 88 ಜನ ಕ್ರೈಸ್ತರು, ಅವರಲ್ಲಿ ಬಹುಪಾಲು ಬ್ಯಾಪ್ಟಿಸ್ಟರು. ಭಾನುವಾರ ಅಂದ್ರೆ ಭಾನುವಾರವೇ. ಹೋಟೆಲಿಲ್ಲ, ಟ್ಯಾಕ್ಸಿ ಇಲ್ಲ, ಒಂದು ಬಾಳೆಹಣ್ಣು ಮಾರುವವರೂ ಇಲ್ಲ. ಬೆಟ್ಟದ ಮೇಲೊಂದು, ಕೆಳಗೊಂದು ಚರ್ಚಿನಿಂದ ಹಾಡು ಕೇಳುತ್ತಿತ್ತು, ಅದೂ ನಾಲ್ಕು ಸ್ವರಗಳು ಹೆಣೆದುಕೊಂಡು. ಚೆನ್ನಾಗಿತ್ತು. ಆದರೆ ಸಂಗೀತದಿಂದ ಹೊಟ್ಟೆ ತುಂಬಲ್ಲ ಅನ್ನುವುದು ಭಾವನ ಖಚಿತ ಅಭಿಪ್ರಾಯ.

ಸುಮ್ನೆ ನಡೆಯುತ್ತಾ ಬಡಾ ಬಸ್ತಿ ಹತ್ತಿದೆವು, ಅದೇ ಮೂಲ ಕೊಹಿಮಾ ಹಳ್ಳಿ. ಹೆಬ್ಬಾಗಿಲ ಮರದ ಕೆತ್ತನೆ ನೋಡುತ್ತಾ ನಿಂತಿದ್ದಾಗ ಚರ್ಚಿನಿಂದ ಕೋಟು, ಟೈನಲ್ಲಿ ವಾಪಸ್ ಬರುತ್ತಿದ್ದ ಹಿರಿಯರೊಬ್ಬರು ಎಲ್ಲಿಂದ ಬಂದಿರಿ, ತಿಂಡಿ ಆಯ್ತಾ ಅಂತ ಕೇಳಿದರು. "ತಿಂಡಿ" ಕಿವಿಗೆ ಬಿದ್ದಿದ್ದೇ ಭಾವ ನನಗಿಂತ ಮೊದಲು ಅವರ ಮನೆಯ ಮೆಟ್ಟಿಲು ಹತ್ತಿದ್ದರು.

ಒಲೆಯ ಮೇಲೆ ಬಿದಿರ ಅಟ್ಟ, ಅದರ ಮೇಲೆ ಹೊಗೆಗೆ ಕಪ್ಪಾದ ಮಾಂಸದ ಪಟ್ಟಿಗಳು. ಹಾಲಿಲ್ಲದ ಚಹಾ ಬಂತು, ಆಮೇಲೆ ಅನ್ನ, ಬೇಯಿಸಿದ ಸೊಪ್ಪು, ಕಳಲೆ ಹಾಕಿದ ಮಾಂಸ. ಎಣ್ಣೆ ಇಲ್ಲವೇ ಇಲ್ಲ ಅನ್ನಬಹುದು. ನಾನು ಬಾಯಿ ತೆರೆಯುವಷ್ಟರಲ್ಲಿ ಭಾವ ನನ್ನ ತೊಡೆ ಚಿವುಟಿದರು. "ಲೋ ಬಾಮೈದ, ಇದು ಏನು ಅಂತ ನಾನು ಕೇಳಲ್ಲ. ನೀನೂ ಹೇಳ್ಬೇಡ." ಕೊಡಗಿನ ಸ್ನೇಹಿತರ ಮನೆಯಲ್ಲಿ ಪಂದಿ ಕರಿ ಎದುರಿಗಿಟ್ಟಾಗ ಹೊಟ್ಟೆ ಸರಿ ಇಲ್ಲ ಅಂತ ಮಜ್ಜಿಗೆ ಕುಡಿದು ಎದ್ದ ಮನುಷ್ಯ ಇವರು! ಬೆಂಕಿ ಖಾರದ ಮೆಣಸಿನಕಾಯಿ ರಾಜಾ ಮಿರ್ಚಿಯ ಚಟ್ನಿಯನ್ನು ಮಾತ್ರ ಹಿರಿಯರೇ ದೂರ ಸರಿಸಿಟ್ಟರು. ನಮ್ಮ ಬ್ಯಾಡಗಿ ಬಣ್ಣಕ್ಕೆ, ಇದು ಬೇರೆ ವಿಷಯ.

ಅವರೇ ಯುದ್ಧದ ಕತೆ ತೆಗೆದರು. 1944ರ ಏಪ್ರಿಲ್‌ನಲ್ಲಿ ಜಪಾನಿ ಸೈನ್ಯ ಬರ್ಮಾದಿಂದ ಬೆಟ್ಟ ದಾಟಿ ಬಂತು, ಬುತ್ತಿ ಮೂರು ವಾರಕ್ಕಾಗುವಷ್ಟು. ಕೊಹಿಮಾದ ಡೆಪ್ಯುಟಿ ಕಮಿಷನರ್ ಬಂಗಲೆಯ ಟೆನಿಸ್ ಅಂಗಳದ ಈ ಬದಿ ಬ್ರಿಟಿಷ್-ಭಾರತೀಯ ಪಡೆ, ಆ ಬದಿ ಜಪಾನಿಯರು. ಚೆಂಡಿನ ಬದಲು ಗ್ರೆನೇಡು. ಹಳ್ಳಿಯವರು ಗಾಯಾಳುಗಳನ್ನು ಹೊತ್ತರು, ದಾರಿ ತೋರಿಸಿದರು. ಕೊನೆಗೆ ಊಟವೂ ಇಲ್ಲ, ಮದ್ದುಗುಂಡೂ ಇಲ್ಲ ಅಂತ ಜಪಾನಿ ಜನರಲ್ ಸಾಟೋ ಮೇಲಿನವರ ಆಜ್ಞೆ ಮೀರಿ ತನ್ನ ಸೈನಿಕರನ್ನು ವಾಪಸ್ ಕರೆದುಕೊಂಡು ಹೋದ. "ಸರಿಯಾಗೇ ಮಾಡಿದ" ಅಂದರು ಭಾವ, ಇನ್ನೊಂದು ತುತ್ತು ಬಾಯಿಗಿಡುತ್ತಾ.

ಸೋಮವಾರ ಯುದ್ಧ ಸ್ಮಶಾನಕ್ಕೆ ಹೋದಾಗ ಆ ಗೆರೆಗಳನ್ನು ನೋಡಿದೆವು. ಟೆನಿಸ್ ಅಂಗಳದ ಅಂಚನ್ನು ಬಿಳಿ ಕಾಂಕ್ರೀಟಿನಲ್ಲಿ ಹಾಗೇ ಗುರುತು ಮಾಡಿಟ್ಟಿದ್ದಾರೆ. ಸುತ್ತ 1,420 ಸಮಾಧಿ, ಮೇಲ್ಗಡೆ ದಹನವಾದ 917 ಹಿಂದೂ, ಸಿಖ್ ಸೈನಿಕರ ಸ್ಮಾರಕ. ಕಲ್ಲುಗಳ ಮೇಲೆ ಹತ್ತೊಂಬತ್ತು, ಇಪ್ಪತ್ತೊಂದು ಅಂತ ವಯಸ್ಸು ಓದುತ್ತಾ ಭಾವ ಊಟದ ಮಾತೇ ಎತ್ತಲಿಲ್ಲ.

ಆ ಮೌನ ಮುರಿದದ್ದು ಮಾರ್ಕೆಟ್‌ನಲ್ಲಿ. ಸಾಲಾಗಿ ಹೆಂಗಸರು. ಅವರ ಮುಂದೆ ಬಸವನಹುಳು, ನೀರು ತುಂಬಿದ ಪ್ಲಾಸ್ಟಿಕ್ ಚೀಲದಲ್ಲಿ ಕಪ್ಪೆ, ಗೂಡಿನ ಸಮೇತ ಕಣಜದ ಮರಿಗಳು. ಭಾವ ಓಡಿಹೋಗುತ್ತಾರೆ ಅಂದುಕೊಂಡೆ. ಬದಲಿಗೆ ಒಂದು ಬುಟ್ಟಿ ಮುಂದೆ ಕುಕ್ಕುರುಗಾಲಲ್ಲಿ ಕೂತುಬಿಟ್ಟರು. ದಪ್ಪ ದಪ್ಪ ರೇಷ್ಮೆ ಹುಳ, ಎರಿ ಜಾತಿಯದ್ದು. ಒಂದನ್ನು ಅಂಗೈ ಮೇಲೆ ಇಟ್ಟುಕೊಂಡು, "ನಾಲ್ಕನೇ ಜ್ವರ ಎದ್ದಾಯ್ತು. ಇನ್ನೇನು ಹಣ್ಣಾಗುತ್ತೆ, ಚಂದ್ರಿಕೆಗೆ ಬಿಡ್ಬೇಕು ಇವನ್ನ" ಅಂದರು. ಹುಳ ಪೊರೆ ಬಿಡುವುದಕ್ಕೆ ಅವರ ಕಡೆ ಜ್ವರ ಅನ್ನುತ್ತಾರೆ, ಗೂಡು ಕಟ್ಟಲು ಬಿಡುವ ಬಿದಿರ ತಟ್ಟೆಯೇ ಚಂದ್ರಿಕೆ. ಮನೆಯಲ್ಲಿ ರಾತ್ರಿಯೆಲ್ಲ ಎದ್ದು ಹಿಪ್ಪುನೇರಳೆ ಸೊಪ್ಪು ಹಾಕಿ ಬೆಳೆದವರು ಅಲ್ವಾ, ಕೈ ಸುಮ್ಮನಿರಲ್ಲ.

ಆ ಹೆಂಗಸಿಗೆ ಖುಷಿಯಾಯಿತು. ಇಬ್ಬರದೂ ಹರುಕು ಮುರುಕು ಹಿಂದಿ. ನಮ್ಮದು ಹರಳೆಲೆ ತಿನ್ನುತ್ತೆ ಅಂತ ಆಕೆ, ನಮ್ಮದು ಬಿಸಿಲು ತಡೆಯಲ್ಲ ಅಂತ ಇವರು. ಇರುವೆ ಕಾಟ, ರೋಗ, ಗೂಡಿನ ರೇಟು ಎಲ್ಲ ಆಯಿತು. ಕೊನೆಗೆ ಆಕೆ ಕೇಳಿದಳು, ನೂಲು ಬಿಚ್ಚಿದ ಮೇಲೆ ಒಳಗಿನ ಹುಳ ಏನು ಮಾಡ್ತೀರಿ?

"ಕೋಳಿಗೆ, ಮೀನಿಗೆ ಮೇವು."

"ಕೋಳಿಗಾ?" ಆಕೆ ಪಕ್ಕದವಳಿಗೆ ಹೇಳಿದಳು, ಅವಳು ಆಚೆಯವಳಿಗೆ. ಇಡೀ ಸಾಲು ಕತ್ತು ತಿರುಗಿಸಿ, ಊಟ ಕಸಕ್ಕೆ ಸುರಿಯುವ ಮನೆತನದವರನ್ನು ನೋಡುವಂತೆ ಭಾವನನ್ನು ನೋಡಿತು. ಮರ್ಯಾದೆ ಉಳಿಸಿಕೊಳ್ಳಲು ಭಾವ ಕಾಲು ಕೇಜಿ ತೂಗಿಸಿದರು, ಆಕೆ ಮೇಲೊಂದು ಹಿಡಿ ಕೊಸರು ಹಾಕಿದಳು.

ಲಾಡ್ಜ್ ಹುಡುಗ ಶುಂಠಿ, ಬೆಳ್ಳುಳ್ಳಿ ಜಜ್ಜಿ ಹುರಿದುಕೊಟ್ಟ. ಈ ಸಲ ಅವನ ಪಾಲು ಮೊದಲೇ ತೆಗೆದಿಟ್ಟೆವು. ಭಾವ ತಟ್ಟೆ ಬಳಿಯುವ ಹೊತ್ತಿಗೆ ಸರಿಯಾಗಿ ಅಕ್ಕನ ಫೋನು, ಏನ್ ಊಟ ಮಾಡಿದ್ರಿ ಅಂತ.

"ಪಲ್ಯ ಕಣೆ" ಅಂದರು ಭಾವ. "ನಮ್ ಕಡೆಯದ್ದೇ."