ಒದ್ದರೆ ಹತ್ತು, ಮತ್ತೆ ಒದ್ದರೆ ಇಪ್ಪತ್ತೈದು

ಬೇಸಿಗೆಯಲ್ಲಿ ನಮ್ಮ ಬೀದಿಯ ಅಂಗಡಿಯವನು ಒಂದು ನಿಂಬೆಹಣ್ಣಿಗೆ ಹತ್ತು ರೂಪಾಯಿ ಅಂದ. ಚೌಕಾಸಿ ಮಾಡಿದೆ, ಬಗ್ಗಲಿಲ್ಲ. ಈ ಹತ್ತು ರೂಪಾಯಿಗೆ ಇನ್ನೇನು ಸಿಗುತ್ತದೆ ಅಂತ ಯೋಚಿಸುತ್ತಾ ಮನೆಗೆ ಬಂದೆ. ಕಾಫಿ ಸಿಗಲ್ಲ. ವಡೆ ಸಿಗಲ್ಲ. ಆದರೆ ಒಂದು ಎತ್ತಿಗೆ ಒದೆಯಬಹುದು. ತಮಾಷೆ ಅಲ್ಲ, ರೇಟು ಕಾನೂನಿನಲ್ಲೇ ಬರೆದಿದೆ.

1960ರ ಪ್ರಾಣಿ ಹಿಂಸೆ ತಡೆ ಕಾಯ್ದೆ, ಸೆಕ್ಷನ್ 11. ಹೊಡೆಯುವುದು, ಒದೆಯುವುದು, ಮಿತಿಮೀರಿ ಓಡಿಸುವುದು, ಹೊರಲಾಗದಷ್ಟು ಹೇರುವುದು, ಮೇವು ನೀರು ಕೊಡದೆ ಕಟ್ಟಿಹಾಕುವುದು, ಹೀಗೆ ಉದ್ದದ ಪಟ್ಟಿ. ಎಲ್ಲಕ್ಕೂ ಒಂದೇ ದರ. ಮೊದಲ ಸಲ ಸಿಕ್ಕಿಬಿದ್ದರೆ 10ರಿಂದ 50 ರೂಪಾಯಿ ದಂಡ. ಮೂರು ವರ್ಷದೊಳಗೆ ಮತ್ತೆ ಸಿಕ್ಕಿಬಿದ್ದರೆ 25ರಿಂದ 100 ರೂಪಾಯಿ, ಇಲ್ಲವೇ ಮೂರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ. ಮೂರು ವರ್ಷ ದಾಟಿಬಿಟ್ಟರೆ? ಲೆಕ್ಕ ಮತ್ತೆ ಮೊದಲಿನಿಂದ. ಮಿಕ್ಸಿಗೆ ವಾರಂಟಿ ಇರುತ್ತಲ್ಲ, ಹಾಗೆ. ಹೆಲ್ಮೆಟ್ ಹಾಕದೆ ಬೈಕ್ ಓಡಿಸಿದರೆ ನಮ್ಮ ರಾಜ್ಯದಲ್ಲಿ 500 ರೂಪಾಯಿ. ಹೊಸ ಬೈಕಿನ ಚಕ್ರದಡಿ ಇಡುವ ನಿಂಬೆಹಣ್ಣಿಗೂ ಎತ್ತಿನ ಬೆನ್ನಿಗೂ ಒಂದೇ ಬೆಲೆ.

ಅದೂ ಸುಮ್ನೆ ಬೀಳುವ ದಂಡವಲ್ಲ. ಈ ಪಟ್ಟಿಯ ಹೆಚ್ಚಿನ ತಪ್ಪುಗಳಿಗೆ ಪೊಲೀಸರು ತಾವಾಗಿಯೇ ಯಾರನ್ನೂ ಹಿಡಿಯುವಂತಿಲ್ಲ, ಮ್ಯಾಜಿಸ್ಟ್ರೇಟರ ಅಪ್ಪಣೆ ಬೇಕು. ಮೂರು ತಿಂಗಳೊಳಗೆ ಕೇಸು ಹಾಕದಿದ್ದರೆ ತಪ್ಪು ತಾನಾಗಿಯೇ ಮಾಫಿ. ಅಂದರೆ ನೀವು ಕೆಲಸ ಬಿಟ್ಟು, ವಕೀಲರನ್ನು ಹಿಡಿದು, ಆಟೊಗೆ ಕೊಟ್ಟು, ಕೋರ್ಟಿನ ಕಟ್ಟೆ ಮೇಲೆ ಕೂತು ಕಾಯಬೇಕು, ಎದುರಿನವನು ಹತ್ತರ ಒಂದು ನೋಟು ಕೊಟ್ಟು ಮನೆಗೆ ಹೋಗಬೇಕು. ಶಿಕ್ಷೆ ಯಾರಿಗೆ ಅಂತ ಗೊತ್ತಾಯಿತಲ್ವಾ?

ಪ್ರಾಣಿಯನ್ನು ಕೊಂದರೆ, ಕೈಕಾಲು ಮುರಿದರೆ ಬೇರೆ ಕಾನೂನಿದೆ, ಐದು ವರ್ಷದವರೆಗೆ ಜೈಲಾಗಬಹುದು. ಅಲ್ಲೂ 2024ರ ಜುಲೈವರೆಗೆ ಒಂದು ತಮಾಷೆ ಇತ್ತು. ಹಳೆಯ ಐಪಿಸಿಯಲ್ಲಿ ಸತ್ತ ಪ್ರಾಣಿಯ ಬೆಲೆ ಹತ್ತು ರೂಪಾಯಿಯೋ ಐವತ್ತು ರೂಪಾಯಿಯೋ ಎಂದು ನೋಡಿ ಶಿಕ್ಷೆ ಅಳೆಯುತ್ತಿದ್ದರು. ಅದು ಬ್ರಿಟಿಷರು 1860ರಲ್ಲಿ ಮಾಡಿದ ಲೆಕ್ಕ. ನೂರು ವರ್ಷ ಆದ ಮೇಲೆ ನಮ್ಮವರೂ ಕೂತು ಬರೆದರು, ಮತ್ತೆ ಅದೇ ಹತ್ತು, ಅದೇ ಐವತ್ತು. ಪರಂಪರೆಯ ಮೇಲೆ ನಮಗಿರುವ ಗೌರವ ಸಣ್ಣದಲ್ಲ.

ಹೋಗಲಿ, ಈ ಕಾಯ್ದೆಯಾದರೂ ಸುಲಭಕ್ಕೆ ಬಂತೇ? ರುಕ್ಮಿಣಿ ದೇವಿ ಅರುಂಡೇಲ್, ಭರತನಾಟ್ಯದ ದೊಡ್ಡ ಕಲಾವಿದೆ, ರಾಜ್ಯಸಭೆಯ ನಾಮನಿರ್ದೇಶಿತ ಸದಸ್ಯೆ, 1953ರಲ್ಲಿ ತಾವೇ ಒಂದು ಖಾಸಗಿ ಮಸೂದೆ ತಂದರು. ನೆಹರೂ ಎದ್ದು, ಉದ್ದೇಶ ಒಳ್ಳೆಯದು, ಸರ್ಕಾರವೇ ನೋಡಿಕೊಳ್ಳುತ್ತದೆ ಎಂದರು. ಆ ಭರವಸೆ ನಂಬಿ ಅವರು ಮಸೂದೆ ವಾಪಸ್ ತೆಗೆದುಕೊಂಡರು. ಸಮಿತಿ ಆಯಿತು, ವರದಿ ಆಯಿತು, ಕಾಯ್ದೆ ಬಂದಿದ್ದು 1960ರಲ್ಲಿ. ಇಷ್ಟಕ್ಕೇ ಏಳು ವರ್ಷ. 1982ರಲ್ಲಿ ಒಮ್ಮೆ ತಿದ್ದಿದರು, ಆಮೇಲೆ ದಂಡದ ಕಡೆ ತಿರುಗಿ ನೋಡುವಷ್ಟು ಶಕ್ತಿ ಯಾರಿಗೂ ಉಳಿಯಲಿಲ್ಲ.

ಅದೇ ಕಾಲದಲ್ಲಿ ಸಂಸದರ ಸಂಬಳ ತಿಂಗಳಿಗೆ 400 ರೂಪಾಯಿ. ಈಗ 1,24,000. ಬೇಡ ಅನ್ನುತ್ತಿಲ್ಲ, ತಗೊಳ್ಳಲಿ, ದಿಲ್ಲಿಯಲ್ಲೂ ನಿಂಬೆಹಣ್ಣು ದುಬಾರಿಯೇ. ಅವರ ಜಾಣತನ ಮೆಚ್ಚಬೇಕು. ಸಂಬಳ ಏರಿಸಲು ಪ್ರತಿ ಸಲ ಚರ್ಚೆ ಮಾಡಿ ಬೈಸಿಕೊಳ್ಳುವುದು ಯಾಕೆ ಅಂತ 2018ರಲ್ಲಿ ಅದನ್ನು ಬೆಲೆ ಏರಿಕೆಯ ಸೂಚ್ಯಂಕಕ್ಕೇ ಕಟ್ಟಿಬಿಟ್ಟರು. ಐದು ವರ್ಷಕ್ಕೊಮ್ಮೆ ತಾನಾಗಿಯೇ ಏರುತ್ತದೆ. ಇದೇ ಹಗ್ಗದ ತುದಿಗೆ ಎತ್ತನ್ನೂ ಕಟ್ಟಬಹುದಿತ್ತು. 400 ರೂಪಾಯಿ 1,24,000 ಆಗಿದೆ ಅಂದರೆ 310 ಪಟ್ಟು. ಅದೇ ಲೆಕ್ಕದಲ್ಲಿ ಒಂದು ಒದೆತಕ್ಕೆ ಕನಿಷ್ಠ 3,100, ಗರಿಷ್ಠ 15,500. ಕ್ಯಾಲ್ಕುಲೇಟರ್ ತೆಗೆದು ಈ ಲೆಕ್ಕ ಹಾಕೋಕೆ ನನಗೆ ಅರ್ಧ ನಿಮಿಷ ಸಾಕಾಯಿತು, ಮತ್ತೆ ನಾನು ಗಣಿತದಲ್ಲಿ ಜಸ್ಟ್ ಪಾಸ್.

ಸಂಸದರಲ್ಲೇ ಒಬ್ಬರು ಮಸೂದೆ ತರಬಾರದಾ ಅಂತೀರಾ? ತರಬಹುದು. ಖಾಸಗಿ ಸದಸ್ಯರ ಮಸೂದೆಗಳಿಗೆ ಶುಕ್ರವಾರ ಮಧ್ಯಾಹ್ನ ಎರಡೂವರೆ ಗಂಟೆ ಮೀಸಲಿದೆ. ಶುಕ್ರವಾರ ಮಧ್ಯಾಹ್ನ ಊರಿಗೆ ಹೊರಟವರ ಕೈಯಲ್ಲಿ ಏನಿರುತ್ತದೆ ಅಂತ ನಿಮಗೂ ಗೊತ್ತು, ಬೋರ್ಡಿಂಗ್ ಪಾಸ್. ಇಂಥ ಮಸೂದೆ ಎರಡೂ ಸದನ ದಾಟಿ ಕಾನೂನಾಗಿದ್ದು ಕೊನೆಯ ಸಲ 1970ರಲ್ಲಿ. ಇನ್ನು ಸರ್ಕಾರ 2022ರ ನವೆಂಬರ್‌ನಲ್ಲಿ ತಾನೇ ಒಂದು ತಿದ್ದುಪಡಿ ಕರಡು ಹೊರಬಿಟ್ಟು, ಡಿಸೆಂಬರ್ 7ರೊಳಗೆ ಅಭಿಪ್ರಾಯ ಹೇಳಿ ಅಂತ ಜನರಿಗೆ ಗಡುವು ಕೊಟ್ಟಿತು. ಗಡುವು ನಮಗೆ ಮಾತ್ರ.

ಹಾಗಂತ ನಮ್ಮ ಸದನಗಳಿಗೆ ಓಡಲು ಬರಲ್ಲ ಅನ್ನಬೇಡಿ. 2017ರ ಜನವರಿಯಲ್ಲಿ ಮರೀನಾ ಬೀಚಿನಲ್ಲಿ ಜನ ಕೂತಾಗ ತಮಿಳುನಾಡು ವಿಧಾನಸಭೆ ಜಲ್ಲಿಕಟ್ಟಿಗಾಗಿ ಇದೇ ಕಾಯ್ದೆಗೆ ತಿದ್ದುಪಡಿಯನ್ನು ಒಂದೇ ದಿನದಲ್ಲಿ ಮಾಡಿ ಮುಗಿಸಿತು. ಮುಂದಿನ ತಿಂಗಳು ನಮ್ಮವರು ಕಂಬಳಕ್ಕಾಗಿ ಒಮ್ಮನಸ್ಸಿನಿಂದ ಕೈ ಎತ್ತಿದರು. 2023ರ ಮೇ 18ರಂದು ಸುಪ್ರೀಂ ಕೋರ್ಟ್ ಕೂಡ ಸರಿ ಎಂದಿತು. (ಕರಾವಳಿಯ ಗೆಳೆಯರೇ, ಕಂಬಳದ ಮೇಲೆ ನನಗೆ ಸಿಟ್ಟಿಲ್ಲ, ಗದ್ದೆಯಲ್ಲಿ ಕೋಣಗಳ ಓಟ ನೋಡಿ ನಾನೂ ಕಿರುಚಿದವನೇ. ಹೊಟ್ಟೆಕಿಚ್ಚು ಅಷ್ಟೇ.) ಪಾಪ, ಗಾಡಿ ಎಳೆಯುವ ಎತ್ತಿಗೆ ಬೀಚ್ ಇಲ್ಲ, ಬ್ಯಾನರ್ ಇಲ್ಲ. ಇದೇ ಕಾಯ್ದೆಯಿಂದ ಹುಟ್ಟಿದ ಪ್ರಾಣಿ ಕಲ್ಯಾಣ ಮಂಡಳಿ, 2023ರ ಫೆಬ್ರವರಿ 14ರಂದು ಎಲ್ಲರೂ ಹಸುವನ್ನು ಅಪ್ಪಿಕೊಳ್ಳಿ ಅಂತ ಕರೆ ಕೊಟ್ಟು, ನಾಲ್ಕೇ ದಿನದಲ್ಲಿ ವಾಪಸ್ ತೆಗೆದುಕೊಂಡಿತು. ಹಸುವನ್ನು ಯಾರೂ ಕೇಳಿರಲಿಲ್ಲ. ಕೇಳಿದ್ದರೆ ಅದು ಬಹುಶಃ, ಅಪ್ಪಿಕೊಳ್ಳೋದು ಆಮೇಲೆ, ಮೊದಲು ದಂಡ ಏರಿಸಿ ಅನ್ನುತ್ತಿತ್ತು.

ಪ್ರಾಣಿಗಳ ವಿಷಯ ಸಂಸತ್ತಿಗೆ ತಟ್ಟುವುದೇ ಇಲ್ಲ ಅಂತಲೂ ಅಲ್ಲ. 2014ರ ಜುಲೈನಲ್ಲಿ ರಾಜ್ಯಸಭೆಗೆ ಒಂದು ಲಿಖಿತ ಉತ್ತರ ಬಂತು. ಕೊಟ್ಟವರು ಆಗಿನ ನಗರಾಭಿವೃದ್ಧಿ ಸಚಿವ ವೆಂಕಯ್ಯ ನಾಯ್ಡು, ಆಗ ನಮ್ಮ ಕರ್ನಾಟಕದಿಂದಲೇ ರಾಜ್ಯಸಭೆಗೆ ಹೋಗಿದ್ದವರು. ಸಂಸತ್ ಭವನದ ಸುತ್ತ ಕೋತಿಗಳ ಕಾಟ ಜಾಸ್ತಿ, ಅವುಗಳನ್ನು ಹೆದರಿಸಲು ಕಪ್ಪು ಮುಖದ ದೊಡ್ಡ ಕೋತಿ ಮುಸಿಯನಂತೆ ನಟಿಸುವ 40 ಜನರನ್ನು ನೇಮಿಸಲಾಗಿದೆ, ಇದು ಉತ್ತರದ ಸಾರ. ನಿಜವಾದ ಮುಸಿಯವನ್ನು ಹಗ್ಗ ಕಟ್ಟಿ ದುಡಿಸುವಂತಿಲ್ಲ, ಅದಕ್ಕೆ ವನ್ಯಜೀವಿ ಕಾನೂನಿನ ರಕ್ಷಣೆ ಇದೆ. ಮನುಷ್ಯನಿಗೆ ಆ ತೊಂದರೆ ಇಲ್ಲ. 1960ರ ಕಾಯ್ದೆಯ ಪ್ರಕಾರ ಪ್ರಾಣಿ ಅಂದರೆ ಮನುಷ್ಯನನ್ನು ಬಿಟ್ಟು ಯಾವುದೇ ಜೀವಿ. ಹಾಗಾಗಿ ಒಳಗೆ ಕೂಗುವವರಿಗೂ ಹೊರಗೆ ಕೂಗುವವರಿಗೂ ಅದು ಅನ್ವಯಿಸುವುದಿಲ್ಲ. ಕೋತಿಗಳಿಗೆ ಎರಡು ಕೂಗಿನ ವ್ಯತ್ಯಾಸ ತಿಳಿಯುತ್ತದೋ ಇಲ್ಲವೋ, ನಾನು ಮಾತಾಡಲ್ಲ.

ಕತ್ತೆಯ ಮಾನವನ್ನೂ ಕಾಪಾಡಿದ್ದಾರೆ ಕಣ್ರೀ. 2022ರಲ್ಲಿ ಲೋಕಸಭೆ ಸಚಿವಾಲಯ ಹೊರತಂದ ಅಸಂಸದೀಯ ಪದಗಳ ಪುಸ್ತಿಕೆಯಲ್ಲಿ ಕತ್ತೆ ಇದೆ, ಗೋಸುಂಬೆ ಇದೆ, ಮೊಸಳೆ ಕಣ್ಣೀರೂ ಇದೆ. ಸದಸ್ಯರನ್ನು ಕತ್ತೆ ಎಂದು ಕರೆದರೆ ಕಡತದಿಂದ ಆ ಕ್ಷಣವೇ ತೆಗೆದುಹಾಕಬಹುದು. ಕತ್ತೆಯನ್ನು ಹೊಡೆದರೆ, ಮೂರು ತಿಂಗಳೊಳಗೆ, ಹತ್ತು ರೂಪಾಯಿ.

ಹೋದ ತಿಂಗಳು ನಮ್ಮ ಬಡಾವಣೆಯ ಛತ್ರದ ಮುಂದೆ ಮದುವೆ ಮೆರವಣಿಗೆ. ನಮ್ಮ ಕಡೆಗೂ ಈಗ ಕುದುರೆ, ಡಿಜೆ ಎಲ್ಲಾ ಬಂದಿದೆಯಲ್ಲ. ಸ್ಪೀಕರ್ ಸದ್ದಿಗೆ ಕುದುರೆ ಬೆದರಿ ಹಿಂದೆ ಸರಿದಾಗೆಲ್ಲ ಹಿಡಿದವನು ಕಾಲಿಗೆ ಕೋಲಿನಲ್ಲಿ ಬಾರಿಸುತ್ತಿದ್ದ. ತಡೆಯಲಾಗದೆ ಹೋಗಿ ಹೇಳಿದೆ.

"ಹೊಡೀಬೇಡ ಮಾರಾಯ. ಕಾನೂನಿದೆ, ದಂಡ ಬೀಳುತ್ತೆ."

ಅವನು ಹೆದರಿದ. ಕೋಲು ಬೆನ್ನ ಹಿಂದೆ ಹೋಯಿತು. "ಎಷ್ಟು ಸಾರ್?"

ಅಲ್ಲಿಗೆ ಸುಮ್ಮನಾಗಬೇಕಿತ್ತು. ಬುದ್ಧಿ ಇಲ್ಲದೆ ನಿಜ ಹೇಳಿಬಿಟ್ಟೆ. ಅವನು ನನ್ನ ಮುಖ ನೋಡಿದ, ಕುದುರೆಯ ಮುಖ ನೋಡಿದ, ಆಮೇಲೆ ಬಹಳ ವಿನಯದಿಂದ ಕೇಳಿದ.

"ಸೀಸನ್‌ನಲ್ಲಿ ದಿನಾ ಮದುವೆ ಇರುತ್ತೆ ಸಾರ್. ಬಸ್ಸಿಗಿದ್ದ ಹಾಗೆ ಇದಕ್ಕೂ ತಿಂಗಳ ಪಾಸ್ ಮಾಡಿಸಬಹುದಾ?"